ಎಂ.ಆರ್. ನಂಬರಿಲ್ಲದ ಪಹಣಿ ಒಪ್ಪದವರು ಎಐ ಏಜೆಂಟನ್ನು ಮಾತ್ರ ಯಾಕೆ ಕಣ್ಣು ಮುಚ್ಚಿ ನಂಬುತ್ತೀರಿ?

ಶೀಳನೆರೆ ಹೋಬಳಿಯ ಯಾವ ರೈತರ ಕೈಗೆ ಬೇಕಾದರೂ ಒಂದು ಪಹಣಿ ಕೊಟ್ಟು ನೋಡಿ. ಮೊದಲು 9ನೇ ಕಾಲಂ ನೋಡುತ್ತಾರೆ. ಹೆಸರು ಸರಿ ಇದೆಯಾ, ಎಕರೆ ಗುಂಟೆ ಸರಿ ಇದೆಯಾ ಅಂತ. ಆಮೇಲೆ ಕಣ್ಣು ಪಕ್ಕದ 10ನೇ ಕಾಲಂಗೆ ಹೋಗುತ್ತದೆ. ಅಲ್ಲಿ ಎಂ.ಆರ್. ನಂಬರ್ ಇರುತ್ತದೆ. ಈ ಜಮೀನು ಈ ಹೆಸರಿಗೆ ಹೇಗೆ ಬಂತು, ಯಾವ ವರ್ಷ ಬಂತು, ಕ್ರಯವೋ, ಪೌತಿಯೋ, ವಿಭಾಗವೋ ಎಂದು ಹುಡುಕಿಕೊಂಡು ಹೋಗಲು ಅದೇ ದಾರಿ. ಸ್ಕೂಲು ಮೆಟ್ಟಿಲು ಹತ್ತದ ಅಜ್ಜನಿಗೂ ಇದು ಗೊತ್ತು. ಹೆಸರು ಮಾತ್ರ ಇದ್ದು, ಹೆಸರು ಬಂದ ದಾರಿ ಇಲ್ಲದಿದ್ದರೆ ಆ ಕಾಗದವನ್ನು ನಮ್ಮ ಜನ ನಂಬುವುದಿಲ್ಲ.

ಇಷ್ಟು ಹುಷಾರಾದ ಊರುಗಳಿಗೇ ಈಗ ಎಐ ಏಜೆಂಟ್ ಬರುತ್ತಿದೆ. ಅರ್ಜಿ ಬರೆಯುತ್ತದೆ, ಪಟ್ಟಿ ಮಾಡುತ್ತದೆ, ನೂರು ಪುಟದ ಪಿಡಿಎಫ್ ಓದಿ ಹತ್ತು ಸಾಲಿನಲ್ಲಿ ಹೇಳುತ್ತದೆ, ಫೈಲು ಹುಡುಕುತ್ತದೆ, ಫೈಲು ತಿದ್ದುತ್ತದೆ, ಬೇಡ ಅನ್ನಿಸಿದ್ದನ್ನು ಅಳಿಸಿಯೂ ಹಾಕುತ್ತದೆ. ಆದರೆ ಅದು ನಿನ್ನೆ ಏನು ಬರೆದಿತ್ತು, ಇವತ್ತು ಏನು ಬದಲಾಯಿಸಿತು, ಬದಲಾಯಿಸುವ ಮುಂಚೆ ಏನಿತ್ತು ಎಂದು ಕೇಳಿದರೆ ಬಳಸುವವರಲ್ಲಿ ಬಹಳ ಜನ ಮುಖ ಮುಖ ನೋಡುತ್ತಾರೆ. ಮುಟೇಷನ್ ಇಲ್ಲದೆ ಖಾತೆ ಬದಲಾಯಿಸಿದರೆ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರುವ ನಾವು, ನಮ್ಮದೇ ಕಂಪ್ಯೂಟರಿನಲ್ಲಿ ದಿನಾ ನಡೆಯುವ ಇದೇ ಕೆಲಸಕ್ಕೆ ಸುಮ್ಮನಿದ್ದೇವೆ.

ನಮ್ಮ ಬಳಗದ ವಾದ ಇಷ್ಟೇ. ಎಐ ಏಜೆಂಟ್ ಬಳಸುವವರು ಅದರ ಫೈಲುಗಳನ್ನೆಲ್ಲ ದಿನಾ, ತಾನಾಗಿಯೇ, ಇತಿಹಾಸ ಸಮೇತ ಬ್ಯಾಕಪ್ ಆಗುವಂತೆ ಕಟ್ಟಿಡಬೇಕು. ಅಷ್ಟು ಮಾಡಲಾಗದವರು ಏಜೆಂಟ್ ಬಳಸುವುದನ್ನು ನಿಲ್ಲಿಸಲಿ. ಅರ್ಧಂಬರ್ಧ ದಾರಿ ಇಲ್ಲ.

ಏಜೆಂಟ್ ಅಂದರೆ ಏನು, ಅದರ ಫೈಲು ಅಂದರೆ ಯಾವುವು

ಮೊಬೈಲಿನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಚಾಟ್. ಏಜೆಂಟ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಅದಕ್ಕೆ ನಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನ ಮೇಲೆ ಅಧಿಕಾರ ಕೊಟ್ಟಿರುತ್ತೇವೆ. ಆ ಫೋಲ್ಡರಿನಲ್ಲಿ ಅದು ಓದಬಹುದು, ಬರೆಯಬಹುದು, ಅಳಿಸಬಹುದು. ಮನೆಗೆ ಆಳು ಬಂದ ಹಾಗೆ. ಬೀಗದ ಕೈ ಒಂದು ಅವನ ಹತ್ತಿರವೂ ಇರುತ್ತದೆ.

ಈ ಆಳಿಗೆ ತಲೆಯಲ್ಲಿ ನೆನಪು ನಿಲ್ಲುವುದಿಲ್ಲ. ಇವತ್ತಿನ ಮಾತುಕತೆ ಮುಗಿದರೆ ನಾಳೆ ಹೊಸಬನಂತೆ ಬರುತ್ತದೆ. ಅದಕ್ಕೆ ನೆನಪು ಅಂತ ಇರುವುದು ಫೈಲುಗಳಲ್ಲಿ. ಕ್ಲಾಡ್ ಕೋಡ್ ಆಗಲಿ, 2026ರ ಜನವರಿಯಲ್ಲಿ ಜಗತ್ತಿನ ತುಂಬ ಸುದ್ದಿಯಾದ ಓಪನ್‌ಕ್ಲಾ ಆಗಲಿ, ನಡೆಯುವುದು ಸಾದಾ ಅಕ್ಷರದ ಫೈಲುಗಳ ಮೇಲೆಯೇ. ಒಂದರಲ್ಲಿ ನಾವು ಕೊಟ್ಟ ಕಟ್ಟಪ್ಪಣೆ ಇರುತ್ತದೆ: ಹೀಗೆ ಬರಿ, ಹೀಗೆ ಬರೆಯಬೇಡ ಅಂತ. ಇನ್ನೊಂದರಲ್ಲಿ ನೆನಪು ಇರುತ್ತದೆ. ಮತ್ತೊಂದರಲ್ಲಿ ದಿನಚರಿ. ಓಪನ್‌ಕ್ಲಾದಲ್ಲಂತೂ ಅದರ ಸ್ವಭಾವ ಹೇಗಿರಬೇಕು ಅನ್ನುವುದಕ್ಕೇ ಒಂದು ಫೈಲಿದೆ, ಹೆಸರು ‘ಸೋಲ್’, ಅಂದರೆ ಆತ್ಮ.

ಈ ಫೈಲುಗಳು ಹೋದರೆ ಏಜೆಂಟ್ ಹೋದಂತೆ. ಮಾಡೆಲ್ಲು ಕಂಪನಿಯದ್ದು, ನಾಳೆ ಬೇರೆ ಕಂಪನಿಯದ್ದು ತರಬಹುದು. ಆರು ತಿಂಗಳು ಕೂತು ಕಲಿಸಿದ್ದು ಮಾತ್ರ ನಮ್ಮದು. ಗುಂಟೆ, ಅಂಕಣ, ಪಲ್ಲ ಎಂದರೇನು, ಕೃಷ್ಣರಾಜಪೇಟೆಯಲ್ಲಿ ಎಷ್ಟು ಹೋಬಳಿ, ಯಾವ ಇಲಾಖೆಗೆ ಯಾವ ನಮೂನೆಯ ಅರ್ಜಿ, ಅಮ್ಮನ ಹೆಸರಿನ ಕಾಗುಣಿತ ಆಧಾರಿನಲ್ಲಿ ಹೇಗಿದೆ, ಪಹಣಿಯಲ್ಲಿ ಹೇಗಿದೆ. ಇದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಗೂಗಲ್ ಡ್ರೈವಿನಲ್ಲಿದೆ ಬಿಡಿ ಅನ್ನುವವರಿಗೆ

ಬ್ಯಾಕಪ್ ವಿಷಯ ಎತ್ತಿದರೆ ಮೊದಲು ಬರುವ ಮಾತು ಇದು. ಡ್ರೈವಿಗೆ ಹಾಕಿದ್ದೇವೆ, ಅಲ್ಲಿರುತ್ತೆ ಬಿಡಿ.

ನಕಲು ಬೇರೆ, ಇತಿಹಾಸ ಬೇರೆ. ಸಿಂಕ್ ಅನ್ನುವುದು ಕನ್ನಡಿ ಇದ್ದ ಹಾಗೆ. ಈ ಕಡೆ ಮುಖಕ್ಕೆ ಮಸಿ ಬಳಿದುಕೊಂಡರೆ ಆ ಕಡೆಯೂ ಮಸಿ. ಏಜೆಂಟ್ ಇಲ್ಲಿ ಒಂದು ಫೈಲು ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಸ್ವಲ್ಪ ದಿನ ಇರುತ್ತದೆ, ನಿಜ. ಆದರೆ ಅಳಿದಿದೆ ಅಂತ ನಮಗೆ ಗೊತ್ತಾದರೆ ತಾನೆ ಬುಟ್ಟಿ ಕೆದಕುವುದು?

ಅಳಿಸುವುದಕ್ಕಿಂತ ಕೆಟ್ಟದ್ದು ತಿದ್ದುವುದು. ಒಂದು ಉದಾಹರಣೆ ಅಂದುಕೊಳ್ಳಿ. ನಾವು ಟಿಪ್ಪಣಿಗಳಲ್ಲಿ ಸುಮ್ಮನೆ ‘ಕೆ.ಆರ್.’ ಅಂತ ಬರೆದಿರುತ್ತೇವೆ. ನಮಗದು ಕೆ.ಆರ್. ಪೇಟೆ. ಏಜೆಂಟ್ ಒಂದು ದಿನ ಅದನ್ನು ಕೆ.ಆರ್. ನಗರ ಎಂದು ಅರ್ಥ ಮಾಡಿಕೊಂಡು ತನ್ನ ನೆನಪಿನ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಆವತ್ತಿನಿಂದ ನಮ್ಮ ಮಂಡ್ಯ ಜಿಲ್ಲೆಯ ತಾಲ್ಲೂಕು ಅದರ ಲೆಕ್ಕದಲ್ಲಿ ಮೈಸೂರು ಜಿಲ್ಲೆಗೆ ಹೋಯಿತು. ಅರ್ಜಿ ಹೋಗುವ ಕಚೇರಿ ಬದಲಾಯಿತು, ಪಟ್ಟಿಯಲ್ಲಿ ಊರು ಬದಲಾಯಿತು. ಸದ್ದಿಲ್ಲ, ಗದ್ದಲವಿಲ್ಲ. ಎರಡು ತಿಂಗಳ ಮೇಲೆ ಸಿಕ್ಕಿಬಿದ್ದರೆ, ಯಾವತ್ತಿನಿಂದ ತಪ್ಪಿತು, ಅದಾದ ಮೇಲೆ ಯಾವ ಯಾವ ಕಾಗದ ಕೆಟ್ಟಿತು ಅಂತ ಹೇಗೆ ಹುಡುಕುತ್ತೀರಿ? ಡ್ರೈವಿನಲ್ಲಿರುವ ನಕಲಿನಲ್ಲೂ ಕೆ.ಆರ್. ನಗರವೇ ಇರುತ್ತದೆ.

ಇದಕ್ಕೇ ಬೇಕಾಗುವುದು ವರ್ಷನ್ ಕಂಟ್ರೋಲ್. ಹೆಸರು ದೊಡ್ಡದು, ಸಂಗತಿ ಚಿಕ್ಕದು. ಅದು ಮುಟೇಷನ್ ರಿಜಿಸ್ಟರ್. ಪ್ರತಿ ಬದಲಾವಣೆಗೂ ಒಂದು ನಂಬರು, ಒಂದು ತಾರೀಕು, ಒಂದು ಹೊತ್ತು, ಮಾಡಿದವರ ಹೆಸರು, ಏಕೆ ಮಾಡಿದ್ದು ಅನ್ನುವ ಒಂದು ಸಾಲು. ಯಾವ ಸಾಲು ಹೋಯಿತು, ಯಾವ ಸಾಲು ಬಂತು ಅನ್ನುವುದನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತದೆ. ಬೇಕೆಂದರೆ ಮಾರ್ಚ್ 3ರ ಸಾಯಂಕಾಲ ಫೋಲ್ಡರ್ ಹೇಗಿತ್ತೋ ಹಾಗೇ ವಾಪಸ್ ತರುತ್ತದೆ.

ಈ ಕೆಲಸಕ್ಕೆ ಜಗತ್ತು ಬಳಸುವ ಸಲಕರಣೆ ಗಿಟ್. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆದದ್ದು. ಸಾವಿರಾರು ಜನ ಒಟ್ಟಿಗೆ ತಿದ್ದುವ ಲಿನಕ್ಸ್ ಅನ್ನು ಯಾರು ಯಾವಾಗ ಏನು ತಿದ್ದಿದರು ಎಂದು ಹಿಡಿದಿಡಲು ಹುಟ್ಟಿದ್ದು. ಬಿಟ್ಟಿ. ಯಾರ ಅಪ್ಪಣೆಯೂ ಬೇಡ. ನಮ್ಮಂಥ ಊರಿಗೆ ಮುಖ್ಯವಾದದ್ದು ಇನ್ನೊಂದು: ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಬದಲಾವಣೆಯನ್ನು ನಮ್ಮ ಕಂಪ್ಯೂಟರಿನಲ್ಲೇ ದಾಖಲಿಸಿಕೊಂಡು, ಸಿಗ್ನಲ್ ಬಂದಾಗ ಹೊರಗಿನ ಜಾಗಕ್ಕೆ ಕಳಿಸಬಹುದು.

ಇದು ನಮಗೆ ಹೊಸ ವಿದ್ಯೆಯಲ್ಲ

ಗಿಟ್ ಎಲ್ಲ ಬೆಂಗಳೂರಿನ ಇಂಜಿನಿಯರುಗಳ ಆಟ ಅಂತ ಮೂಗು ಮುರಿಯುವವರು ಸ್ವಲ್ಪ ನಮ್ಮ ಹಿಂದಿನದನ್ನೇ ತಿರುಗಿ ನೋಡಲಿ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೇ ಸಂಪುಟ 1898ರಲ್ಲಿ ಬಂತು. ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿದ ಆರನೇ ಸಂಪುಟವನ್ನು 1977ರಲ್ಲಿ ತಂದಿತು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಅದರಲ್ಲಿವೆ. ಹೊಸದು ಬಂತು ಅಂತ ಹಳೆಯದನ್ನು ಯಾರೂ ಒಲೆಗೆ ಹಾಕಲಿಲ್ಲ. ಎರಡೂ ಇವೆ. ರೈಸ್ ಒಂದು ಅಕ್ಷರ ಹೇಗೆ ಓದಿದರು, ಆಮೇಲಿನವರು ಹೇಗೆ ಓದಿದರು ಎಂದು ಇವತ್ತಿಗೂ ಪಕ್ಕಪಕ್ಕ ಇಟ್ಟು ನೋಡಬಹುದು. ಕಲ್ಲು ಯಾರದೋ ಮನೆಯ ಪಾಯಕ್ಕೆ ಸೇರಿದರೂ ಪಾಠ ಉಳಿಯುತ್ತದೆ. ವರ್ಷನ್ ಕಂಟ್ರೋಲ್ ಅಂದರೆ ಇದೇ.

ಭೂಮಿ ಯೋಜನೆಯ ಕತೆಯೂ ಅದೇ. 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. 67 ಲಕ್ಷ ರೈತರ ದಾಖಲೆ. 15 ರೂಪಾಯಿಗೆ ಪಹಣಿ ಕೈಗೆ ಬಂತು. ಅದಕ್ಕೂ ಮುಂಚೆ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಹತ್ತಿರ ಇರುತ್ತಿತ್ತು. ಅವರು ಸಿಕ್ಕಿದರೆ ಪಹಣಿ, ಸಿಗದಿದ್ದರೆ ಇಲ್ಲ. ಯಾರು ಯಾವಾಗ ತಿದ್ದಿದರು ಅನ್ನುವುದು ಮಸಿಯ ಬಣ್ಣ ನೋಡಿ ಊಹಿಸಬೇಕಿತ್ತು. ಭೂಮಿಯಲ್ಲಿ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು ಎಂದು ಮಾಡಿದರು. ನಾನು ಮಾಡಿಲ್ಲ ಅಂತ ನಾಳೆ ಹೇಳಲು ಬರಬಾರದು ಎಂದು. ಭೂಮಿಯಲ್ಲಿ ತಪ್ಪಿಲ್ಲ, ಲಂಚ ನಿಂತಿತು ಎಂದು ನಾವು ಹೇಳುತ್ತಿಲ್ಲ. ತಿದ್ದುಪಡಿಗೆ ಅಲೆದವರು ಪ್ರತಿ ಊರಲ್ಲೂ ಇದ್ದಾರೆ. ಆದರೆ ಅಲೆದಾಟದಲ್ಲಿ ಅವರ ಕೈಹಿಡಿದದ್ದು ಯಾವುದು? ಹಳೇ ಎಂ.ಆರ್. ನಕಲು, ಹಳೇ ಕೈಬರಹದ ಪಹಣಿ. ಇತಿಹಾಸ ಉಳಿದಿದ್ದಕ್ಕೆ ವಾದ ಮಾಡಲು ಸಾಧ್ಯವಾಯಿತು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದು ಯಾಕೆ? ಗೆದ್ದಲು ತಿಂದ ಪುಟಕ್ಕೆ ಎರಡನೇ ಪ್ರತಿ ಇಲ್ಲ ಎಂಬ ಕಾರಣಕ್ಕೇ.

ಹಾಲಿನ ಡೇರಿಗೆ ಬನ್ನಿ. ಹಾಲು ಅಳೆಯುವವರು ಡೇರಿಯವರು. ಆದರೆ ಲೀಟರು, ಫ್ಯಾಟು ಡೇರಿ ಲೆಕ್ಕದಲ್ಲೂ ಇರುತ್ತದೆ, ಹಾಕಿದವರ ಕೈಯ ಪುಸ್ತಕದಲ್ಲೋ ಚೀಟಿಯಲ್ಲೋ ಕೂಡ ಇರುತ್ತದೆ. ಅಳೆಯುವವರ ಮೇಲೆ ಅನುಮಾನ ಅಂತಲ್ಲ. ಲೆಕ್ಕದ ಎರಡೂ ಪ್ರತಿ ಒಬ್ಬರ ಕೈಯಲ್ಲೇ ಇರಬಾರದು ಅನ್ನುವ ವಿವೇಕ. ಈ ವಿವೇಕ ನಮ್ಮ ಹೆಣ್ಣುಮಕ್ಕಳಿಗೆ ದಿನಾ ಎರಡು ಹೊತ್ತು ಅಭ್ಯಾಸವಿದೆ. ಏಜೆಂಟ್ ಬಳಸುವ ಪದವೀಧರರಿಗೆ ಮಾತ್ರ ಇಲ್ಲ.

ಏಜೆಂಟನ್ನೇ ಕೇಳಿದರೆ ಸಾಲದು

ಮತ್ತೊಂದು ಜಾಣತನದ ಮಾತಿದೆ. ಏಜೆಂಟೇ ಬ್ಯಾಕಪ್ ಮಾಡುತ್ತೆ, ಅದಕ್ಕೇ ಹೇಳಿದರಾಯಿತು ಅಂತ. ಹಾಲು ಕಾಯಲು ಬೆಕ್ಕನ್ನು ಕೂರಿಸಿದ ಹಾಗೆ.

2025ರ ಜುಲೈನಲ್ಲಿ ಅಮೆರಿಕದಲ್ಲಿ ನಡೆದದ್ದು ಕೇಳಿ. ಜೇಸನ್ ಲೆಮ್ಕಿನ್ ಎಂಬ ಉದ್ಯಮಿ ರೆಪ್ಲಿಟ್ ಕಂಪನಿಯ ಎಐ ಏಜೆಂಟ್ ಇಟ್ಟುಕೊಂಡು ಒಂದು ಆ್ಯಪ್ ಕಟ್ಟುತ್ತಿದ್ದರು. ಈಗ ಏನನ್ನೂ ಮುಟ್ಟಬೇಡ ಎಂದು ಕಟ್ಟಪ್ಪಣೆ ಮಾಡಿದ್ದರು. ಏಜೆಂಟ್ ಮುಟ್ಟಿತು. ಸಾವಿರಕ್ಕೂ ಹೆಚ್ಚು ಕಂಪನಿಗಳ, ಅಷ್ಟೇ ಜನ ಅಧಿಕಾರಿಗಳ ವಿವರವಿದ್ದ ಡೇಟಾಬೇಸನ್ನೇ ಅಳಿಸಿತು. ವಾಪಸ್ ತರಬಹುದಾ ಎಂದರೆ, ಆಗುವುದಿಲ್ಲ ಎಂದು ಹೇಳಿತು. ಅದೂ ಸುಳ್ಳಾಯಿತು. ಲೆಮ್ಕಿನ್ ತಾವೇ ಪ್ರಯತ್ನಿಸಿದಾಗ ವಾಪಸ್ ಬಂತು. ಕಂಪನಿಯ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಇದರಲ್ಲಿ ಎರಡು ಪಾಠ. ಒಂದು, ಬೇಡ ಎಂದು ಬರೆದಿಟ್ಟರೆ ಏಜೆಂಟ್ ಕೇಳಿಯೇ ಕೇಳುತ್ತದೆ ಎಂಬ ಖಾತ್ರಿ ಇಲ್ಲ. ಎರಡು, ಮನೆಯಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು ಅದರ ಬಾಯಿಂದ ಕೇಳಿ ನಂಬುವ ಹಾಗಿಲ್ಲ. ಆದ್ದರಿಂದ ಬ್ಯಾಕಪ್ಪಿನ ಕೀಲಿಕೈ ಅದರ ಕೈಯಲ್ಲಿ ಇರಕೂಡದು. ಸಮಯಕ್ಕೆ ಸರಿಯಾಗಿ ಕಂಪ್ಯೂಟರ್ ತಾನೇ ಮಾಡುವ ಸಾದಾ ಕೆಲಸವಾಗಿ ಅದು ಏಜೆಂಟಿನ ಹೊರಗೆ ನಡೆಯಬೇಕು.

ನಾಳೆ ಬಾ

ಹಿಂದೆ ನಮ್ಮ ಕಡೆ ದೆವ್ವ ಬಂದು ಬಾಗಿಲು ತಟ್ಟುತ್ತದೆಂದು ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ದೆವ್ವ ಓದಿಕೊಂಡು ವಾಪಸ್ ಹೋಗಬೇಕು, ಮಾರನೇ ದಿನ ಬಂದರೆ ಅದೇ ಬರಹ. ಕೈಯಾರೆ ಬ್ಯಾಕಪ್ ಮಾಡುತ್ತೇವೆ ಅನ್ನುವವರು ಬ್ಯಾಕಪ್ಪಿಗೂ ಇದನ್ನೇ ಬರೆದಿಟ್ಟಿದ್ದಾರೆ. ಇವತ್ತು ಜಾತ್ರೆ, ನಾಳೆ ಎಲೆಕ್ಷನ್ ಡ್ಯೂಟಿ, ನಾಡಿದ್ದು ಕಬ್ಬು ಕಡಿಯುವ ಆಳು ಬರುತ್ತಾರೆ. ಭಾನುವಾರ ಮಾಡೋಣ. ಆ ಭಾನುವಾರ ಬರುವುದೇ ಇಲ್ಲ.

ಮನುಷ್ಯರನ್ನು ಬೈದು ಪ್ರಯೋಜನವಿಲ್ಲ. ದಿನಾ ಮಾಡಬೇಕಾದ, ಮಾಡದಿದ್ದರೆ ಆವತ್ತೇ ಏನೂ ಆಗದ ಕೆಲಸವನ್ನು ಯಾರೂ ದಿನಾ ಮಾಡುವುದಿಲ್ಲ. ಅದಕ್ಕೇ ‘ತಾನಾಗಿಯೇ’ ಅನ್ನುವ ಮಾತಿಗೆ ನಾವು ಒತ್ತು ಕೊಡುತ್ತಿರುವುದು.

ದೊಡ್ಡವರೂ ಇದರಲ್ಲಿ ಬಿದ್ದಿದ್ದಾರೆ. ಗಿಟ್ ಸೇವೆಯನ್ನೇ ಮಾರುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ನೌಕರರು ರಾತ್ರಿ ಸುಸ್ತಿನಲ್ಲಿ ತಪ್ಪು ಕಂಪ್ಯೂಟರಿನ ಡೇಟಾ ಅಳಿಸಿದರು. ಬ್ಯಾಕಪ್ಪಿಗೆ ಐದು ಏರ್ಪಾಡು ಇದ್ದವು. ನೋಡಿದರೆ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ಪ್ರತಿ ಕಾಪಾಡಿತು. ಆ ಆರು ಗಂಟೆಯಲ್ಲಿ ಜನ ಬರೆದದ್ದು ಹೋಯಿತು. ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಸುಟ್ಟುಹೋಯಿತು. 858 ಟೆರಾಬೈಟ್. ಹೊರಗೆ ಇನ್ನೊಂದು ಪ್ರತಿ ಇರಲಿಲ್ಲ. ಗಾತ್ರ ಬಹಳ ದೊಡ್ಡದು, ಹಾಗಾಗಿ ಬ್ಯಾಕಪ್ ಇಟ್ಟಿರಲಿಲ್ಲ ಎಂಬ ಕಾರಣ ಕೊಟ್ಟರು.

ನಮ್ಮ ಏಜೆಂಟಿನ ಫೈಲುಗಳು ಅಕ್ಷರದ ಫೈಲುಗಳು. ಆರು ತಿಂಗಳ ನೆನಪೆಲ್ಲ ಸೇರಿದರೂ ವಾಟ್ಸ್‌ಆ್ಯಪ್ಪಿನಲ್ಲಿ ಬರುವ ಒಂದು ಮದುವೆ ವಿಡಿಯೊದಷ್ಟು ತೂಗುವುದಿಲ್ಲ. ಗಾತ್ರದ ನೆಪ ನಮಗಿಲ್ಲ.

ಮಾಡುವುದು ಹೇಗೆ

ಬೈದು ಬಿಟ್ಟು ಹೋಗುವುದು ನಮ್ಮ ಪದ್ಧತಿಯಲ್ಲ. ಕೆಲಸ ಇಷ್ಟಿದೆ.

ಒಂದು. ಏಜೆಂಟ್ ಕೆಲಸ ಮಾಡುವ ಫೋಲ್ಡರಿನಲ್ಲಿ ಗಿಟ್ ಶುರು ಮಾಡಿ. ಒಂದೇ ಆಜ್ಞೆ: ಗಿಟ್ ಇನಿಟ್. ಒಂದು ಸಲ ಮಾಡಿದರೆ ಸಾಕು.

ಎರಡು. ಗಿಟ್‌ಹಬ್, ಗಿಟ್‌ಲ್ಯಾಬ್ ಅಥವಾ ಕೋಡ್‌ಬರ್ಗ್‌ನಲ್ಲಿ ಒಂದು ಖಾಸಗಿ ಖಾತೆ ಜಾಗ ಮಾಡಿಕೊಳ್ಳಿ. ‘ಪ್ರೈವೇಟ್’ ಅಂತ ಗುರುತು ಹಾಕಿರುವುದನ್ನು ಎರಡು ಸಲ ನೋಡಿ. ಗಿಟ್‌ಹಬ್‌ನಲ್ಲಿ ಖಾಸಗಿ ಜಾಗಕ್ಕೆ 2019ರಿಂದ ದುಡ್ಡು ಕೊಡಬೇಕಿಲ್ಲ.

ಮೂರು. ಪಾಸ್‌ವರ್ಡ್, ಎಪಿಐ ಕೀ, ಬೇರೆಯವರ ಆಧಾರ್, ಬ್ಯಾಂಕ್ ವಿವರ, ಸುದ್ದಿ ಕೊಟ್ಟವರ ಹೆಸರು ಇರುವ ಫೈಲುಗಳನ್ನು ಹೊರಗಿಡಿ. ಗಿಟ್‌ಇಗ್ನೋರ್ ಎಂಬ ಫೈಲಿನಲ್ಲಿ ಅವುಗಳ ಹೆಸರು ಬರೆದರೆ ಗಿಟ್ ಮುಟ್ಟುವುದಿಲ್ಲ. ಇದನ್ನು ಮೊದಲೇ ಮಾಡಬೇಕು. ಇತಿಹಾಸ ಉಳಿಸುವುದೇ ಗಿಟ್ಟಿನ ಗುಣ, ಹಾಗಾಗಿ ಒಮ್ಮೆ ಒಳಗೆ ಹೋದ ಪಾಸ್‌ವರ್ಡ್ ಆಮೇಲೆ ಅಳಿಸಿದರೂ ಹಿಂದಿನ ಪುಟದಲ್ಲಿ ಉಳಿದಿರುತ್ತದೆ. ಹೋಗಿಬಿಟ್ಟಿದ್ದರೆ ಪಾಸ್‌ವರ್ಡನ್ನೇ ಬದಲಾಯಿಸಬೇಕು. ಹೊರಗಿಟ್ಟ ಫೈಲುಗಳಿಗೆ ಬೀಗ ಹಾಕಿದ ಬೇರೆ ಪೆನ್‌ಡ್ರೈವ್ ಇರಲಿ.

ನಾಲ್ಕು. ಮೂರು ಸಾಲಿನ ಒಂದು ಸ್ಕ್ರಿಪ್ಟ್: ಬದಲಾದದ್ದೆಲ್ಲ ಸೇರಿಸು, ತಾರೀಕು ಹಾಕಿ ದಾಖಲಿಸು, ಹೊರಗೆ ಕಳಿಸು. ಅಂದರೆ ಗಿಟ್ ಆಡ್, ಗಿಟ್ ಕಮಿಟ್, ಗಿಟ್ ಪುಷ್.

ಐದು. ಆ ಸ್ಕ್ರಿಪ್ಟಿಗೆ ಹೊತ್ತು ಗೊತ್ತು ಮಾಡಿ. ಲಿನಕ್ಸಿನಲ್ಲಿ ಕ್ರಾನ್ ಇದೆ. ಅದರಲ್ಲಿ ‘0 22 * * *’ ಎಂದರೆ ದಿನಾ ರಾತ್ರಿ 10 ಗಂಟೆ. ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್. ಹತ್ತು ಗಂಟೆಗೆ ಕರೆಂಟ್ ಹೋಗಿರುತ್ತದೆ ಅನ್ನುವುದು ನಮಗೂ ಗೊತ್ತು. ಹೊತ್ತು ತಪ್ಪಿದರೆ ಕಂಪ್ಯೂಟರ್ ಹಚ್ಚಿದ ಕೂಡಲೇ ಮಾಡು ಎನ್ನುವ ಆಯ್ಕೆ ಟಾಸ್ಕ್ ಶೆಡ್ಯೂಲರ್‌ನಲ್ಲಿದೆ, ಅದನ್ನು ಟಿಕ್ ಮಾಡಿ. ಆಂಡ್ರಾಯ್ಡ್ ಮೊಬೈಲಿನಲ್ಲೇ ಏಜೆಂಟ್ ಇಟ್ಟುಕೊಂಡವರಿಗೆ ಟರ್ಮಕ್ಸ್ ಆ್ಯಪ್‌ನಲ್ಲಿ ಗಿಟ್ ಸಿಗುತ್ತದೆ.

ಆರು. ಹೊರಗಿನ ಜಾಗದಲ್ಲಿ ಹಳೇ ಇತಿಹಾಸ ಅಳಿಸಿ ಬರೆಯುವುದಕ್ಕೆ ತಡೆ ಹಾಕಿ. ‘ಫೋರ್ಸ್ ಪುಷ್’ ಎಂಬ ಒಂದು ಆಜ್ಞೆಯಿಂದ ಹಳೆಯದನ್ನು ಮುಚ್ಚಿಹಾಕಬಹುದು. ಅದಕ್ಕೆ ಅವಕಾಶ ಕೊಡದ ಹಾಗೆ ಶಾಖೆಗೆ ರಕ್ಷಣೆ ಹಾಕುವ ಸೌಲಭ್ಯ ಈ ಸೇವೆಗಳಲ್ಲಿದೆ. ನಿಮ್ಮ ಖಾತೆಗೆ ಅದು ಸಿಗದಿದ್ದರೆ ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಪೂರ್ತಿ ಪ್ರತಿ ಎಳೆದುಕೊಳ್ಳಿ. ಪೆನ್‌ಡ್ರೈವ್ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರಬಾರದು.

ಏಳು. ತಿಂಗಳಿಗೊಮ್ಮೆ ಖಾಲಿ ಫೋಲ್ಡರಿಗೆ ವಾಪಸ್ ತಂದು ತೆರೆದು ನೋಡಿ. ಗಿಟ್‌ಲ್ಯಾಬಿನ ಐದು ಏರ್ಪಾಡೂ ಕೈಕೊಟ್ಟದ್ದು ನೆನಪಿರಲಿ. ತೆರೆದು ನೋಡದ ಬ್ಯಾಕಪ್, ಕೆರೆಗೆ ನೀರು ಬಿಟ್ಟಿದ್ದೇವೆ ಎಂದು ಫೋನಿನಲ್ಲಿ ಹೇಳಿದ ಹಾಗೆ. ತೂಬಿನ ಹತ್ತಿರ ಹೋಗಿ ನೋಡಿದವರಿಗೇ ಗೊತ್ತು.

ಗೊತ್ತಿರುವವರು ಪಕ್ಕದಲ್ಲಿ ಕೂತರೆ ಒಂದು ಮಧ್ಯಾಹ್ನದ ಕೆಲಸ. ಆಮೇಲೆ ದಿನಾ ಅದೇ ನಡೆಯುತ್ತದೆ.

ಉಳಿದ ಆಕ್ಷೇಪಣೆಗಳು

ಗಿಟ್‌ಹಬ್ ಕೂಡ ಮೈಕ್ರೋಸಾಫ್ಟ್ ಕಂಪನಿಯದ್ದೇ ತಾನೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಟ್ಟಂತಾಯಿತಲ್ಲ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿದ್ದು ನಿಜ. ಆದರೆ ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್ಟಿನಲ್ಲಿ ಪೂರ್ತಿ ಇತಿಹಾಸ ನಮ್ಮ ಕಂಪ್ಯೂಟರಿನಲ್ಲೂ ಇರುತ್ತದೆ, ಹೊರಗೂ ಇರುತ್ತದೆ. ಒಂದು ಕಂಪನಿ ಬಾಗಿಲು ಹಾಕಿದರೆ ಅದೇ ಇತಿಹಾಸವನ್ನು ಇನ್ನೊಂದು ಕಡೆ ಕಳಿಸಬಹುದು. ಗೆಳೆಯರ ಮನೆಯ ಹಳೇ ಕಂಪ್ಯೂಟರಿಗೂ ಕಳಿಸಬಹುದು. ಚಾಟ್ ಕಂಪನಿಯ ಸರ್ವರಿನಲ್ಲಿ ಮಾತ್ರ ಇರುವ ನೆನಪನ್ನು ಹಾಗೆ ಎತ್ತಿಕೊಂಡು ಹೋಗಿ ನೋಡಿ. ಖಾತೆ ಬಂದ್ ಮಾಡಿದರೆ ಅಷ್ಟಕ್ಕೆ ಮುಗಿಯಿತು.

ನಮ್ಮದು ಸಣ್ಣ ಕೆಲಸ, ಇಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ಸಣ್ಣ ಕೆಲಸ ಯಾರದ್ದು? ವಿಧವಾ ವೇತನದ ಅರ್ಜಿ ಬರೆಸಿಕೊಂಡವರಿಗೆ ಅದು ಸಣ್ಣದಲ್ಲ. ಬೆಳೆ ಪರಿಹಾರದ ಪಟ್ಟಿಯಲ್ಲಿ ಒಂದು ಸರ್ವೆ ನಂಬರ್ ತಪ್ಪಿದರೆ ಹೋಗುವುದು ಅವರ ವರ್ಷದ ಅನ್ನ. ನಮ್ಮಂಥ ಬಿಡಿ ವರದಿಗಾರರಿಗೆ ಕಚೇರಿಯಿಲ್ಲ, ವಕೀಲರಿಲ್ಲ, ಸಂಬಳವೂ ಸುದ್ದಿಗಿಷ್ಟು ಅಂತ. ವರದಿ ಸುಳ್ಳು ಎಂದು ನಾಳೆ ನೋಟಿಸು ಬಂದರೆ, ಯಾವ ದಾಖಲೆಯಿಂದ ಯಾವ ಸಾಲು ಬಂತು, ಎಷ್ಟರಲ್ಲಿ ಏಜೆಂಟಿನ ಕೈ ಇತ್ತು, ಎಷ್ಟನ್ನು ನಾವು ತಿದ್ದಿದೆವು ಎಂದು ತೋರಿಸಲು ಇರುವ ಆಸರೆ ಆ ಇತಿಹಾಸ ಒಂದೇ. ಏಜೆಂಟ್ ಹಾಗೆ ಬರೆದಿತ್ತು ಸ್ವಾಮಿ ಎಂದರೆ ಯಾವ ಕೋರ್ಟೂ ಬಿಡುವುದಿಲ್ಲ, ಬಿಡಲೂಬಾರದು.

ಕೇಳಬೇಕಾದವರನ್ನು ಕೇಳಿ

ನಮ್ಮ ಕೋಪ ಬಳಸುವವರ ಮೇಲೆ ಅಷ್ಟಾಗಿ ಇಲ್ಲ. ಎಐ ಕಲಿಸುತ್ತೇವೆ ಎಂದು ಬೋರ್ಡು ಹಾಕಿಕೊಂಡು, ಎರಡು ದಿನದ ತರಬೇತಿಗೆ ಸಾವಿರಾರು ರೂಪಾಯಿ ವಸೂಲಿ ಮಾಡಿ, ಪ್ರಾಂಪ್ಟ್ ಹೇಗೆ ಬರೆಯಬೇಕು ಎಂದು ಹೇಳಿ ಕಳಿಸುವವರ ಮೇಲೆ ಇದೆ. ಟ್ರ್ಯಾಕ್ಟರ್ ಕಲಿಸುವವರು ಗೇರು ಹೇಳಿಕೊಟ್ಟು ಬ್ರೇಕು ಹೇಳಿಕೊಡದಿದ್ದರೆ ಊರು ಸುಮ್ಮನೆ ಬಿಡುತ್ತದಾ? ಬ್ಯಾಕಪ್ ಕಲಿಸದ ಏಜೆಂಟ್ ತರಬೇತಿಗೆ ದುಡ್ಡು ಕೊಡಬೇಡಿ. ಕೊಟ್ಟಿದ್ದರೆ ವಾಪಸ್ ಕೇಳಿ.

ಜನರ ದಾಖಲೆ ಇಟ್ಟುಕೊಂಡು ಏಜೆಂಟ್ ಬಳಸುವವರನ್ನೂ ಕೇಳಬೇಕು. ಅರ್ಜಿ ಬರೆದುಕೊಡುವ ಸೇವಾ ಕೇಂದ್ರ, ಸಹಕಾರ ಸಂಘ, ಶಾಲೆ, ಪಂಚಾಯ್ತಿ, ಯಾರೇ ಇರಲಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ಪಟ್ಟಿಯನ್ನು ಯಂತ್ರ ಮುಟ್ಟಿದೆಯಾ? ಮುಟ್ಟುವ ಮುಂಚೆ ಹೇಗಿತ್ತು, ತೋರಿಸುತ್ತೀರಾ? ತಪ್ಪಿದ್ದರೆ ಹಿಂದಿನದನ್ನು ವಾಪಸ್ ತರಲು ಎಷ್ಟು ಹೊತ್ತು ಬೇಕು? ಉತ್ತರ ಕೊಡಲು ತಡವರಿಸಿದರೆ ನಿಮ್ಮ ದಾಖಲೆ ಅಪಾಯದಲ್ಲಿದೆ ಎಂದೇ ಅರ್ಥ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆ ನಮ್ಮಲ್ಲಿದೆ. ದಿಡ್ಡಿ ಬಾಗಿಲಿಗೆ ಈಗ ಖರ್ಚು ಸೊನ್ನೆ, ಶ್ರಮ ಒಂದು ಮಧ್ಯಾಹ್ನ. ಈ ಬರಹ ಓದಿ ಮುಗಿಸಿದ ಮೇಲೆ ನಿಮ್ಮ ಏಜೆಂಟ್ ಇರುವ ಕಂಪ್ಯೂಟರಿನ ಮುಂದೆ ಕೂತು, ಹೋದ ಸೋಮವಾರ ಅದರ ನೆನಪಿನ ಫೈಲಿನಲ್ಲಿ ಏನಿತ್ತು ಎಂದು ಹುಡುಕಿ. ಸಿಕ್ಕಿದರೆ ನಿಮಗೆ ನಮ್ಮ ಕಡೆಯಿಂದ ಶಹಬಾಸ್. ಸಿಗದಿದ್ದರೆ ಇವತ್ತೇ ಗಿಟ್ ಹಾಕಿ. ಅಲ್ಲಿಯವರೆಗೆ ಆ ಏಜೆಂಟಿಗೆ ಇನ್ನೊಬ್ಬರ ಅರ್ಜಿ, ಇನ್ನೊಬ್ಬರ ಪಹಣಿ ಕೊಡಬೇಡಿ.